ಇನ್ನೊಂದು ಎಂದು ಕೂಗಿದವನು

“ಗುರುಗಳೇ, ಪ್ರೀತಿ ಇದ್ದವನಿಗೆ ಬಯ್ಯುವ ಹಕ್ಕು ಇಲ್ಲವೇ?”

ಮೃದಂಗದ ಪಾಠ ಮುಗಿದಿತ್ತು. ಉಳಿದವರು ಎದ್ದು ಹೋಗಿದ್ದರು. ಕೇಳಿದ ಶಿಷ್ಯ ಒಬ್ಬನೇ ಕುಳಿತಿದ್ದ. ಅವನು ಬೆಳಿಗ್ಗೆ ಮೃದಂಗ ಕಲಿಯುತ್ತಿದ್ದ, ಮಿಕ್ಕ ಹೊತ್ತೆಲ್ಲ ಕಿವಿಗೆ ಗಿಟಾರು ಡ್ರಮ್ಮುಗಳ ಅಬ್ಬರದ ಮೆಟಲ್ ಸಂಗೀತ ತುಂಬಿಕೊಂಡು ಓಡಾಡುತ್ತಿದ್ದ. ಗುರುವಿಗೆ ಅದು ಗೊತ್ತಿತ್ತು. ಬಡಿಯುವವರೆಲ್ಲ ನಮ್ಮವರೇ ಎಂದು ಅವರು ಸುಮ್ಮನಿದ್ದರು.

“ಯಾರನ್ನು ಬಯ್ದೆಯಪ್ಪಾ?”

“ಶಾಲೆಯ ದಿನಗಳಿಂದ ನಾನು ಕೇಳುತ್ತ ಬಂದ ತಂಡ. ಮೂವತ್ತು ವರ್ಷ ಹಳೆಯದು. ಕಾಯಿಸಿ ಕಾಯಿಸಿ ಮೊನ್ನೆ ಹೊಸ ಆಲ್ಬಂ ತಂದರು. ಹಿಂದಿನ ಕಸುವು ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದೆ. ಸಾವಿರಾರು ಜನ ಹೌದು ಹೌದು ಎಂದರು. ಒಬ್ಬ ಮಾತ್ರ, ಇಷ್ಟು ಕಟುವಾಗಿ ಬರೆಯಬಾರದಿತ್ತು ಎಂದ. ಅದೊಂದು ಮಾತು ಕೊರೆಯುತ್ತಿದೆ.”

“ಸಾವಿರ ಜನ ಬೆನ್ನು ತಟ್ಟಿದ್ದು ಸಾಲದೆ ನನ್ನಿಂದಲೂ ತಟ್ಟಿಸಿಕೊಳ್ಳಲು ಬಂದೆ,” ಎಂದು ಗುರು ನಕ್ಕರು. ಆಮೇಲೆ ನಗು ನಿಲ್ಲಿಸಿ ಈ ಕತೆ ಹೇಳಿದರು.

ಉಕ್ಕಿನ ಕಾರ್ಖಾನೆ ಇದ್ದ ಒಂದು ಊರು. ಅಲ್ಲಿ ನಾಲ್ವರು ಸೇರಿ ಒಂದು ಮೆಟಲ್ ತಂಡ ಕಟ್ಟಿದರು. ಹೆಸರು ಕುಲುಮೆ. ಒಬ್ಬ ಹಾಡುವವನು, ಇಬ್ಬರು ಗಿಟಾರಿನವರು, ಒಬ್ಬ ಡ್ರಮ್ಮಿನವನು. ದಿನವಿಡೀ ಕಾರ್ಖಾನೆಯಲ್ಲಿ ಕೇಳುವ ಸದ್ದನ್ನು ಸಂಜೆಯೂ ಯಾಕೆ ಕೇಳಬೇಕು ಎಂದು ಊರಿನವರು ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಮೊದಲ ಕಾರ್ಯಕ್ರಮ ಕಾರ್ಖಾನೆಯ ಕ್ಲಬ್ಬಿನ ಹಾಲಿನಲ್ಲಿ ನಡೆಯಿತು. ಹನ್ನೊಂದು ಜನ ಬಂದರು. ಎರಡನೆಯ ಹಾಡಿಗೆ ಎಂಟು ಜನ ಎದ್ದು ಹೋದರು. ಉಳಿದ ಮೂವರಲ್ಲಿ ಒಬ್ಬ ಗಡಿಯಾರ ರಿಪೇರಿ ಕಲಿಯುತ್ತಿದ್ದವನು. ಆಗ ಅವನಿಗೆ ಹದಿನೇಳು ವರ್ಷ. ಕೊನೆಯ ಹಾಡು ಮುಗಿದಾಗ ಅವನು ಕುರ್ಚಿಯ ಮೇಲೆ ಹತ್ತಿ ನಿಂತು “ಇನ್ನೊಂದು! ಇನ್ನೊಂದು!” ಎಂದು ಗಂಟಲು ಹರಿಯುವಂತೆ ಕೂಗಿದ.

ತಂಡದವರ ಬಳಿ ಇನ್ನೊಂದು ಹಾಡು ಇರಲಿಲ್ಲ. ಇದ್ದದ್ದೇ ಆರು. ನಾಲ್ವರೂ ಮುಖ ಮುಖ ನೋಡಿಕೊಂಡರು. “ಮುಂದಿನ ಸಲ ಕಣೋ, ಖಂಡಿತ,” ಎಂದ ಡ್ರಮ್ಮಿನವನು. ವೇದಿಕೆಯ ಅಂಚಿನಲ್ಲಿ ಅವರೇ ಇಟ್ಟಿದ್ದ ಟೇಪ್ ರೆಕಾರ್ಡರ್ ಇದನ್ನೆಲ್ಲ ಹಿಡಿದುಕೊಂಡಿತು. ಅವತ್ತು ಆ ಕೂಗು ಬಾರದೇ ಹೋಗಿದ್ದರೆ ಮಾರನೆಯ ದಿನವೇ ತಂಡ ಮುಚ್ಚುತ್ತಿದ್ದೆವು ಎಂದು ಡ್ರಮ್ಮಿನವನು ಆಮೇಲೆ ಎಷ್ಟೋ ಸಲ ಹೇಳಿದ್ದುಂಟು.

ಮರುವರ್ಷ ಮೊದಲ ಕ್ಯಾಸೆಟ್ ಬಂತು. ಗಡಿಯಾರದವನು ಅದನ್ನು ಅಂಗಡಿಯಲ್ಲಿ ಹಾಕಿಕೊಂಡು ಕೆಲಸಕ್ಕೆ ಕುಳಿತ. ಕೊನೆಯ ಹಾಡು ಮುಗಿಯಿತು. ಟೇಪ್ ನಿಲ್ಲಿಸೋಣವೆಂದರೆ ಎರಡು ಕೈಗೂ ಬಿಡುವಿರಲಿಲ್ಲ. ಒಂದು ಕೈಯಲ್ಲಿ ವಾಚು, ಇನ್ನೊಂದು ಕೈಯಲ್ಲಿ ಚಿಮಟ, ಚಿಮಟದ ತುದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗು. ಸುರುಳಿ ಖಾಲಿ ತಿರುಗುತ್ತಲೇ ಇತ್ತು. ಎರಡು ನಿಮಿಷವಾದ ಮೇಲೆ ಅದರಿಂದ ಒಂದು ಪುಟ್ಟ ಹಾಡು ಹೊರಟಿತು. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಆ ಹಾಡಿನ ಹೆಸರು ಇರಲಿಲ್ಲ.

ಅವನು ಸಿಕ್ಕಸಿಕ್ಕವರಿಗೆಲ್ಲ ಹೇಳಿದ. ಅಂದಿನಿಂದ ಅದು ಪದ್ಧತಿಯಾಯಿತು. ತಂಡದವರು ಪ್ರತಿ ಆಲ್ಬಮ್ಮಿನ ಕೊನೆಗೂ ಒಂದನ್ನು ಅಡಗಿಸಿಡುವರು. ಮೊದಲ ಪ್ರತಿಯನ್ನು ಗಡಿಯಾರದವನಿಗೇ ಕಳಿಸುವರು. ಕೇಳುಗರು ಅವನ ಅಂಗಡಿಯಲ್ಲಿ ಸೇರುವರು. ನಿಯಮವನ್ನು ಅವನೇ ಮಾಡಿದ್ದ. ಸುರುಳಿ ಪೂರ್ತಿ ತಿರುಗುವವರೆಗೆ ಯಾರೂ ಗುಂಡಿ ಮುಟ್ಟಬಾರದು, ಯಾರೂ ಬಾಯಿ ಬಿಡಬಾರದು, ಕೈ ಕಟ್ಟಿ ಕೂರಬೇಕು. ಎಲ್ಲ ಮುಗಿದ ಮೇಲೆ ಮೊದಲು ಅವನು ಮಾತಾಡುವನು, ಆಮೇಲೆ ಉಳಿದವರು. ಒಮ್ಮೆ ಯಾರೋ ನಡುವೆ ಕೆಮ್ಮಿದ್ದಕ್ಕೆ ಅವನು ಎದ್ದು ಹೊರಗೆ ಹೋಗು ಎಂದನಂತೆ. ಅಷ್ಟು ಕಟ್ಟುನಿಟ್ಟು.

ವರ್ಷಗಳು ಕಳೆದವು. ಕ್ಯಾಸೆಟ್ ಹೋಗಿ ಸಿಡಿ ಬಂತು. ಕೇಳುಗರು ಹತ್ತೂರಿಗೆ ಚದುರಿದರು. ಅಂಗಡಿಯ ಕೂಟ ಫೋನಿನ ಗ್ರೂಪಿಗೆ ಹೋಯಿತು. ಅಲ್ಲಿಯೂ ಮೊದಲ ಮಾತು ಗಡಿಯಾರದವನದೇ. ಅವನು ತಲೆದೂಗಿದರೆ ಸಾವಿರ ತಲೆ ತೂಗುತ್ತಿದ್ದವು.

ಇತ್ತ ಡ್ರಮ್ಮಿನವನ ಕೈ ನಡುಗಲು ಶುರುವಾಯಿತು. ಡಾಕ್ಟರು ಇದು ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ ಎಂದರು. ಅವನು ತಂಡದ ಮುಂದೆ ಬೇರೆಯವನನ್ನು ನೋಡಿಕೊಳ್ಳಿ ಎಂದ. ಹಾಡುವವನು ಒಪ್ಪಲಿಲ್ಲ. “ನಿನ್ನ ಕೈ ಎಷ್ಟು ಓಡುತ್ತೋ ನಮ್ಮ ಹಾಡೂ ಅಷ್ಟೇ ಓಡ್ಲಿ ಬಿಡೋ,” ಎಂದ. ಕೊನೆಯದೊಂದು ಆಲ್ಬಂ ಮಾಡೋಣ ಎಂದು ನಾಲ್ವರೂ ಕುಳಿತರು. ಹಾಡುಗಳನ್ನೆಲ್ಲ ಆ ಕೈಯ ಅಳತೆಗೆ ಇಳಿಸಿಕೊಂಡರು. ಯಾರಿಗೂ ಕಾರಣ ಹೇಳಲಿಲ್ಲ. ಅಯ್ಯೋ ಪಾಪ ಅನ್ನಿಸಿಕೊಳ್ಳುವುದು ಡ್ರಮ್ಮಿನವನಿಗೆ ಬೇಕಿರಲಿಲ್ಲ. ಹಳೆಯ ವೇಗ ಅವನಿಗೆ ಆಗಲೂ ಬರುತ್ತಿತ್ತು, ಆದರೆ ದಿನಕ್ಕೆ ಒಂದೇ ನಿಮಿಷ. ಅಷ್ಟಾದ ಮೇಲೆ ಕೋಲು ಕೈಯಿಂದ ಜಾರುತ್ತಿತ್ತು. ಆ ಒಂದು ನಿಮಿಷವನ್ನು ಅವನು ಎಲ್ಲಿ ಇಟ್ಟ ಎನ್ನುವುದನ್ನು ಆಮೇಲೆ ಹೇಳುತ್ತೇನೆ.

ಪದ್ಧತಿಯಂತೆ ಮೊದಲ ಸಿಡಿ ಗಡಿಯಾರದವನಿಗೆ ಬಂತು. ಅವನಿಗೆ ಆಗ ಐವತ್ತು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಬಾಗಿಲು ಹಾಕಿ ಸಿಡಿ ಹಚ್ಚಿದ. ಹೊಸ ಆಲ್ಬಮ್ಮಿಗಾಗಿ ಏಳು ವರ್ಷದಿಂದ ಕಾದಿದ್ದ. ಆದರೆ ಈ ಸಲ ಅವನು ಕೈ ಕಟ್ಟಿ ಕೂರಲಿಲ್ಲ. ಕೈಯಲ್ಲಿ ಫೋನಿತ್ತು. ಹೇಗಿದೆ, ಹೇಗಿದೆ ಎಂದು ಗ್ರೂಪಿನವರು ನಿಮಿಷಕ್ಕೊಮ್ಮೆ ಕೇಳುತ್ತಿದ್ದರು.

ಮೊದಲ ಹಾಡು ನಿಧಾನ. ಎರಡನೆಯದು ಇನ್ನೂ ನಿಧಾನ. ಗಡಿಯಾರದವನು ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ನೋಡಿ ಪೆಟ್ಟು ಎಣಿಸಿದ. ನಿಮಿಷಕ್ಕೆ ಇನ್ನೂರು ಇದ್ದದ್ದು ನೂರಕ್ಕೆ ಇಳಿದಿತ್ತು. ಅವನಿಗೆ ಮೋಸ ಹೋದಂತೆ ಅನ್ನಿಸಿತು. ಮೂರನೆಯ ಹಾಡು ನಡೆಯುತ್ತಿರುವಾಗಲೇ ಬರೆದ: “ಕುಲುಮೆ ಆರಿದೆ. ಬಡಿಯುವವನಿಗೆ ನಿದ್ದೆ ಬಂದಿದೆ.” ಬರೆದು ಗುಂಡಿ ಒತ್ತಿ ಹಾಡು ನಿಲ್ಲಿಸಿದ. ಅವತ್ತು ಮಧ್ಯಾಹ್ನ ಅವನಿಗೆ ಊಟ ಸೇರಲಿಲ್ಲ. ಅವನು ಕೆಟ್ಟವನಲ್ಲ, ನಿಜವಾಗಿಯೂ ನೊಂದಿದ್ದ.

ಉಳಿದವರಿಗೆ ಅಷ್ಟೇ ಸಾಕಾಯಿತು. ಹಾಡುವವನ ಗಂಟಲು ಹೋಗಿದೆ ಎಂದ ಒಬ್ಬ. ನಾಲ್ಕನೆಯ ಆಲ್ಬಮ್ಮಿಗೇ ನಿಲ್ಲಿಸಬೇಕಿತ್ತು ಎಂದ ಇನ್ನೊಬ್ಬ. ಇದು ಮೆಟಲ್ಲೋ ಲಾಲಿ ಹಾಡೋ ಎಂದು ಮತ್ತೊಬ್ಬ ನಗೆಚಿತ್ರ ಹಾಕಿದ. ಒಬ್ಬ ಮೇಷ್ಟರಿಗೆ ಮಾತ್ರ ಐದನೆಯ ಹಾಡು ಕೇಳಿ ಕಣ್ಣು ತುಂಬಿತ್ತು. ಅದನ್ನು ಅವರು ಬರೆದು, ಮತ್ತೆ ಅಳಿಸಿದರು. ಎಲ್ಲರೂ ನಗುತ್ತಿರುವಾಗ ತಾವೊಬ್ಬರೇ ಅತ್ತದ್ದನ್ನು ಹೇಳುವ ಧೈರ್ಯ ಸಾಲಲಿಲ್ಲ. ಕೇಳಿದವರಲ್ಲಿ ಯಾರೂ ಕೊನೆಯವರೆಗೆ ಕಾಯಲಿಲ್ಲ, ಹೆಚ್ಚಿನವರು ಆಲ್ಬಂ ಕೇಳಿಯೇ ಇರಲಿಲ್ಲ. ಗಡಿಯಾರದವನು ಕೇಳಿದ್ದಾನಲ್ಲ ಎಂದು ಸುಮ್ಮನಾದರು.

ಒಂದು ತಿಂಗಳ ಮೇಲೆ ಅದೇ ಕ್ಲಬ್ಬಿನ ಹಾಲಿನಲ್ಲಿ ಕುಲುಮೆಯ ಕಾರ್ಯಕ್ರಮ ಇತ್ತು. ಅಲ್ಲಿಂದ ಗಡಿಯಾರದವನ ಮನೆಗೆ ಹತ್ತು ನಿಮಿಷದ ದಾರಿ. ಹಾಡುವವನು ತಾನೇ ಫೋನ್ ಮಾಡಿ ಕರೆದ. ನೋಡೋಣ ಎಂದ ಗಡಿಯಾರದವನು. ಹೋಗಲಿಲ್ಲ. ಹೋದರೆ ತನ್ನ ಮಾತನ್ನು ತಾನೇ ನುಂಗಿದಂತೆ ಆಗುತ್ತದಲ್ಲ. ಅಂಗಡಿಯಲ್ಲಿ ಕುಳಿತು ಅದೇ ವಾಚನ್ನು ಮೂರು ಸಲ ಬಿಚ್ಚಿ ಮೂರು ಸಲ ಜೋಡಿಸಿದ.

ಇನ್ನೂ ಕೆಲವು ತಿಂಗಳು ಕಳೆದವು. ಒಂದು ದಿನ ಅವನು ಯಾರದೋ ಗೋಡೆ ಗಡಿಯಾರ ಕೊಟ್ಟು ಬರಲು ಹೋಗಿದ್ದ. ಅವನ ಹೆಂಡತಿ ಅಂಗಡಿಯ ಕೋಣೆಯಲ್ಲಿ ಕುಳಿತು ಚಕ್ಕುಲಿ ಹಿಟ್ಟು ಕಲಸುವ ಮೊದಲು, ಏನಾದರೂ ಸದ್ದಿರಲಿ ಎಂದು ಗುಂಡಿ ಒತ್ತಿದಳು. ಒಳಗೆ ಅದೇ ಸಿಡಿ ಇತ್ತು. ಆ ಸಂಗೀತವೆಂದರೆ ಅವಳಿಗೆ ತಲೆನೋವು. ನಿಲ್ಲಿಸೋಣವೆಂದರೆ ಅಷ್ಟರಲ್ಲಿ ಎರಡು ಕೈಗೂ ಹಿಟ್ಟು ಮೆತ್ತಿತ್ತು. ಹಾಡಿಕೊಂಡು ಹೋಗಲಿ ಎಂದು ಬಿಟ್ಟಳು.

ಅವನು ಮನೆಗೆ ಬಂದಾಗ ಅವಳು ಹೇಳಿದಳು: “ರೀ, ಹಾಡೆಲ್ಲ ಮುಗಿದ್ ಮೇಲೆ ಅದ್ರಲ್ಲಿ ನಿಮ್ಮ ದನಿ ಬಂತು. ಚಿಕ್ಕ ಹುಡುಗ ಇದ್ದಾಗಿನ ದನಿ. ಆದ್ರೂ ನಂಗೆ ಗೊತ್ತಾಗ್ದೆ ಇರತ್ತಾ?”

ಅವನು ಫೋನನ್ನು ಆಚೆ ಇಟ್ಟ. ಬಾಗಿಲು ಹಾಕಿ, ಕೈ ಕಟ್ಟಿ, ಮೊದಲಿನಿಂದ ಕುಳಿತ. ಒಂಬತ್ತು ಹಾಡು. ನಿಧಾನವಾಗಿಯೇ ಇದ್ದವು. ಆದರೆ ಐದನೆಯದರ ಹೊತ್ತಿಗೆ ಅವನು ಪೆಟ್ಟು ಎಣಿಸುವುದನ್ನು ಬಿಟ್ಟಿದ್ದ. ಒಂಬತ್ತೂ ಮುಗಿದು ಎರಡು ನಿಮಿಷ ಏನೂ ಇರಲಿಲ್ಲ. ಆಮೇಲೆ ಹದಿನೇಳರ ಅವನದೇ ದನಿ ಕೇಳಿಸಿತು. ಇನ್ನೊಂದು! ಇನ್ನೊಂದು! ಅದರ ಹಿಂದೆಯೇ ಡ್ರಮ್ಮಿನವನ ದನಿ ಬಂತು. ಅದು ಈಗಿನದು, ಬಳಲಿದ್ದು.

“ಇನ್ನೊಂದು ಕೇಳಿದ್ದೆಯಲ್ಲೋ. ತಗೋ.”

ಮುಂದಿನ ಒಂದು ನಿಮಿಷ ಡ್ರಮ್ಮು ಹಳೆಯ ವೇಗದಲ್ಲಿ ಮೊಳಗಿತು. ಇಲ್ಲವೆಂದು ಅವನು ಕೊರಗಿದ್ದ ವೇಗ ಅದೇ. ಅದು ಅಲ್ಲಿಯೇ ಇತ್ತು. ಇಷ್ಟು ದಿನವೂ ಅವನ ಅಂಗಡಿಯಲ್ಲಿಯೇ ಇತ್ತು.

ಮಾರನೆಯ ಬೆಳಿಗ್ಗೆ ಅವನು ಡ್ರಮ್ಮಿನವನ ಮನೆಗೆ ಹೋದ. ಡ್ರಮ್ಮಿನವನು ಬಾ ಎಂದು ಕೂರಿಸಿ ತಾನೇ ಕಾಫಿ ತಂದ. ತರುವಷ್ಟರಲ್ಲಿ ಅರ್ಧ ತಟ್ಟೆಗೆ ಚೆಲ್ಲಿತ್ತು. ಗಡಿಯಾರದವನು ಆ ಕೈ ನೋಡಿದ. ಎಲ್ಲ ತಿಳಿಯಿತು.

“ಪೂರ್ತಿ ಕೇಳಿದೆ ಕಣೋ. ನಿನ್ನೆ,” ಎಂದ.

“ನಿನ್ನೆಯಾ?” ಎಂದ ಡ್ರಮ್ಮಿನವನು. “ಅದನ್ನ ಹಾಲ್‌ನಲ್ಲಿ ನಿನ್ನ ಎದುರಿಗೇ ಒಂದ್ಸಲ ಬಾರಿಸ್ಬೇಕು ಅಂತ ಆಸೆ ಇತ್ತು. ಆ ಒಂದು ನಿಮಿಷಕ್ಕೆ ಅಂತ್ಲೇ ಬೆಳಗ್ಗೆಯಿಂದ ಕೋಲು ಮುಟ್ಟಿರ್ಲಿಲ್ಲ. ಕೊನೇಲಿ ನೋಡಿದ್ರೆ ಕೂಗೋನೇ ಬಂದಿಲ್ಲ. ಎದ್ದು ಬಂದ್ಬಿಟ್ಟೆ.”

“ಈಗ?” ಎಂದು ಕೇಳಿದ ಗಡಿಯಾರದವನು. ಕೇಳಬಾರದಿತ್ತು.

ಡ್ರಮ್ಮಿನವನು ಎರಡು ಕೈಗಳನ್ನೂ ಮೇಜಿನ ಮೇಲೆ ಇಟ್ಟ. ಇಟ್ಟಲ್ಲಿಯೂ ಅವು ನಡುಗುತ್ತಿದ್ದವು. “ಹೋದ ತಿಂಗಳೇ ಡ್ರಮ್ ಸೆಟ್ಟು ಬಿಚ್ಚಿ ಅಟ್ಟಕ್ಕೆ ಹಾಕ್ದೆ,” ಎಂದ. ಬಯ್ಯಲಿಲ್ಲ. ಕಾಫಿ ಆರುತ್ತೆ, ಕುಡಿ ಎಂದ. ಬಯ್ದಿದ್ದರೆ ಗಡಿಯಾರದವನಿಗೆ ಒಂದಿಷ್ಟು ಹಗುರಾಗುತ್ತಿತ್ತೋ ಏನೋ.

ಅಂದೇ ಅವನು ಗ್ರೂಪಿನಲ್ಲಿ ಬರೆದ: “ನಾನು ಮೂರೇ ಹಾಡು ಕೇಳಿ ಬರೆದಿದ್ದೆ. ತಪ್ಪಾಯಿತು. ದಯವಿಟ್ಟು ಕೊನೆಯವರೆಗೆ ಕೇಳಿ.” ಕೆಲವರು ಕೈ ಮುಗಿದ ಚಿತ್ರ ಹಾಕಿದರು. ಹಳೆಯ ಸ್ನೇಹಕ್ಕೆ ಹೀಗೆ ಹೇಳುತ್ತಿದ್ದಾನೆ ಎಂದರು ಕೆಲವರು. ಹೆಚ್ಚಿನವರು ಆ ಹೊತ್ತಿಗೆ ಬೇರೊಂದು ತಂಡದ ಹೊಸ ಆಲ್ಬಮ್ಮನ್ನು ಬಯ್ಯುತ್ತಿದ್ದರು. ಅವನು ಹಿಂದೆ ಬರೆದದ್ದು ಒಂದು ಗಂಟೆಯಲ್ಲಿ ಊರೂರು ಮುಟ್ಟಿತ್ತು. ಈಗ ಬರೆದದ್ದು ಬರೆದಲ್ಲಿಯೇ ಉಳಿಯಿತು. ಅವನನ್ನು ನೆನೆದರೆ ನನಗೆ ಸಿಟ್ಟು ಬರುವುದಿಲ್ಲ, ಸಂಕಟವಾಗುತ್ತದೆ. ಪೂರ್ತಿ ಕೇಳಬೇಕು ಎಂದು ಊರಿಗೆಲ್ಲ ಕಲಿಸಿದವನು ಅವನೇ.

ಗುರು ಕತೆ ನಿಲ್ಲಿಸಿ ಮೃದಂಗಕ್ಕೆ ಬಟ್ಟೆ ಹೊದಿಸಿದರು.

ಶಿಷ್ಯ ತಡೆದು ತಡೆದು ಹೇಳಿದ: “ಆದರೂ ಗುರುಗಳೇ, ಅವನು ಬರೆದದ್ದು ಸುಳ್ಳಲ್ಲ. ಹಾಡುಗಳು ನಿಧಾನವಾಗಿಯೇ ಇದ್ದವಲ್ಲ.”

“ಸುಳ್ಳಲ್ಲ,” ಎಂದರು ಗುರು. “ನೀನು ಬರೆಯಲು ಶುರು ಮಾಡಿದಾಗ ಎಷ್ಟನೆಯ ಹಾಡು ನಡೆಯುತ್ತಿತ್ತು?”