ಗಾಸ್ಪರ್ ಬರೆದ ಮೂರು ಚೀಟಿ

ಕೇಳಿ, ಮಂಗಳೂರಿನ ಕಡೆ ಒಂದು ಇಗರ್ಜಿ. ಅದರ ಪಕ್ಕದಲ್ಲಿ ನಾತಾಲ್ ಬಾಯಿಯ ಮನೆ. ಅವಳ ಮಗ ಗಾಸ್ಪರ್ ಪಿಂಟೊ. ಅಕ್ಷರ ಮುತ್ತಿನಂಥದ್ದು, ಬುದ್ಧಿ ಮಾತ್ರ ದೇವರಿಗೇ ಪ್ರೀತಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಪಾಪ.

ತಂಗಿ ಎಮಿಲಿಯಳಿಗೆ ಮದುವೆ ಗೊತ್ತಾಯಿತು. ಹುಡುಗ ಸಿಪ್ರಿಯನ್, ಜೋಕಿಂ ಡಿಸಿಲ್ವರ ಮಗ. ಇಂಥವರ ಮಗನಿಗೂ ಇಂಥವರ ಮಗಳಿಗೂ ಮದುವೆ, ತಕರಾರಿದ್ದರೆ ಹೇಳಿ ಅಂತ ಮೂರು ಭಾನುವಾರ ಇಗರ್ಜಿಯಲ್ಲಿ ಚೀಟಿ ಓದಬೇಕು. ಪಾದ್ರಿಗಳಿಗೆ ಕೈನಡುಕ, ಹಾಗಾಗಿ ಚೀಟಿ ಬರೆಯುವವನು ಗಾಸ್ಪರ್.

"ಉದ್ದ ಬರೀಬೇಡ ಮಾರಾಯ, ಚಿಕ್ಕದು ಮಾಡು," ಅಂದಳು ಅಮ್ಮ.

ಚಿಕ್ಕದು ಮಾಡಿದ. ಮೊದಲ ಭಾನುವಾರ "ಜೋಕಿಂ ಸಿಲ್ವ," ಅಂತ ಪಾದ್ರಿಗಳು ಓದಿದರು.

ಜೋಕಿಂ ಎದ್ದು ನಿಂತರು. "ನನ್ನ ಡಿ ಎಲ್ಲಿ? ಅಜ್ಜನ ಕಾಲದ ಡಿ!"

ಅಮ್ಮ ಹಣೆ ಚಚ್ಚಿಕೊಂಡಳು. "ಎಂಥ ಮಾಡಿದ್ದು ನೀನು? ಹೆಸರು ಅಂದ್ಮೇಲೆ ಡಿ ಬೇಕು! ಬಿಡ್ಬೇಡ!"

"ಆಯ್ತಮ್ಮ."

ಎರಡನೇ ಭಾನುವಾರ ಪಾದ್ರಿಗಳು ಓದಿದರು. "ಡಿಸಿಪ್ರಿಯನ್, ಡಿಜೋಕಿಂ ಡಿಸಿಲ್ವರ ಮಗ. ಡಿಎಮಿಲಿಯ ಡಿಪಿಂಟೊ..."

ಇಗರ್ಜಿ ಇಡೀ ಕಿಸಿಕಿಸಿ. ಜೋಕಿಂ ಮಾತ್ರ ನಗಲಿಲ್ಲ. "ಇನ್ನೊಮ್ಮೆ ನನ್ನ ಹೆಸರು ತಪ್ಪಿದ್ರೆ ಎದ್ದು ತಕರಾರು ಹೇಳ್ತೇನೆ. ಮದುವೆಯೇ ಇಲ್ಲ!"

ಎಮಿಲಿಯ ಊಟ ಬಿಟ್ಟು ಮೂಲೆ ಸೇರಿದಳು. ನನಗಂತೂ ಆ ಹುಡುಗಿಯನ್ನು ನೆನೆದರೆ ಈಗಲೂ ಸಂಕಟ.

ಪಾದ್ರಿಗಳು ಗಾಸ್ಪರನನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು. "ನೋಡು ಮಗಾ, ಡಿ ಅಂದ್ರೆ ಇಂಥ ಕಡೆಯಿಂದ ಬಂದವರು ಅಂತ. ಹಳೇ ಲ್ಯಾಟಿನ್ ಮಾತು. ಪೋರ್ಚುಗಲ್, ಸ್ಪೇನ್, ಫ್ರಾನ್ಸ್, ಎಲ್ಲ ಕಡೆ ಉಂಟು. ಸಿಲ್ವ ಅಂದ್ರೆ ಕಾಡು. ಅವರ ಹಿರಿಯರಿಗೆ ಕಾಡಿನ ಕಡೆಯವರು ಅಂತ ಹೆಸರು. ಎಲ್ಲರಿಗೂ ಡಿ ಅಂಟಿಸ್ಲಿಕ್ಕಿಲ್ಲ. ಎಲ್ಲಿಂದ ಬಂದದ್ದು ಅಂತ ಅವರನ್ನೇ ಕೇಳು, ಅವರು ಹೇಳಿದ್ದನ್ನು ಬರಿ."

"ಆಯ್ತು ಪಾದ್ರಿಗಳೇ."

ಶನಿವಾರ ಸಂಜೆ ಜೋಕಿಂ ದಾರಿಯಲ್ಲಿ ಓಲಾಡುತ್ತ ಬರುತ್ತಿದ್ದರು.

"ಎಲ್ಲಿಂದ ಬಂದದ್ದು ಮಾವ?" ಅಂತ ಕೇಳಿದ ಗಾಸ್ಪರ್.

"ಸರಾಯಿ ಗಡಂಗಿನಿಂದ ಮಾರಾಯ. ಯಾರಿಗೂ ಹೇಳ್ಬೇಡ!"

"ಸತ್ರೂ ಹೇಳುದಿಲ್ಲ ಮಾವ."

ಮೂರನೇ ಭಾನುವಾರ ಪಾದ್ರಿಗಳು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. "ಸಿಪ್ರಿಯನ್, ಜೋಕಿಂ ಡಿಗಡಂಗು ಅವರ ಮಗ..."

ಎಮಿಲಿಯ ಕಣ್ಣು ಮುಚ್ಚಿದಳು. ಜೋಕಿಂ ಕೆಂಪಾಗಿ ಎದ್ದರು. ಅಷ್ಟರಲ್ಲಿ ಅವರ ಹೆಂಡತಿ ಕಾರ್ಮಿನ್ ಬಾಯಿಯೂ ಎದ್ದಳು. "ಗಡಂಗಾ? ನಿನ್ನೆ ಪ್ರಾರ್ಥನೆಗೆ ಹೋಗಿದ್ದೆ ಅಂದ್ರಲ್ಲ! ಹೆಸರು ತಪ್ಪಾ, ಸರಿಯಾ? ಹೇಳಿ!"

ತಪ್ಪು ಅಂದರೆ ಆ ಹೆಸರು ಎಲ್ಲಿಂದ ಬಂತು ಅಂತ ಗಾಸ್ಪರನನ್ನೇ ಕೇಳುತ್ತಾರೆ ಅಂತ ಜೋಕಿಂಗೆ ಹೊಳೆಯಿತು.

"ತಕರಾರು ಉಂಟಾ?" ಅಂತ ಕೇಳಿದರು ಪಾದ್ರಿಗಳು.

"ಇಲ್ಲ," ಅಂತ ಜೋಕಿಂ ಮೆಲ್ಲಗೆ ಕೂತರು.

ಹಿಂದಿನ ಬೆಂಚಿನಿಂದ ಗಾಸ್ಪರ್ ಕೂಗಿದ. "ನಾನು ಯಾರಿಗೂ ಹೇಳ್ಲಿಲ್ಲ ಮಾವ! ಬರೆದದ್ದು ಮಾತ್ರ!"