ಪಪ್ಪಾಯಿ ಬೀಜ ಯಾಕೆ ಬಾಯಿ ಬಿಡುವುದಿಲ್ಲ

ಭೂಮಿ ಆಗತಾನೇ ಹುಟ್ಟಿತ್ತು. ಮಣ್ಣು ಇನ್ನೂ ಹಸಿಹಸಿಯಾಗಿ, ಬೆಚ್ಚಗೆ ಇತ್ತು. ಆಗ ಗಿಡಮರಗಳಿಗೆ ಬಾಯಿಯೂ ಇತ್ತು, ಕಾಲೂ ಇತ್ತು. ಬಿಸಿಲು ಹೆಚ್ಚಾದರೆ ಬೇರು ಎತ್ತಿಕೊಂಡು ಪಕ್ಕದವರ ನೆರಳಿಗೆ ಹೋಗಿ ಹರಟೆ ಹೊಡೆಯುತ್ತಿದ್ದವು.

ಕೆರೆಯ ಕೆಳಗೆ ಅವುಗಳ ತೋಟ. ತೂಬು ಎತ್ತಿ ಎಲ್ಲರಿಗೂ ನೀರು ಹಾಯಿಸುವ ನೀರುಗಂಟಿ, ಕೊಕ್ಕರೆ. ತೋಟಕ್ಕೆ ಗೌಡ, ತಾಳೆಮರ. ಅವನನ್ನು ಗೌಡ ಮಾಡಿದ್ದು ಯಾರು ಎಂದು ಕೇಳಬೇಡ ಪುಟ್ಟ. ಎಲ್ಲರಿಗಿಂತ ಎತ್ತರ ಇದ್ದ, ಅಷ್ಟೇ.

ತಾಳೆಯ ವಂಶದಲ್ಲಿ ಗಂಡುಮರವೇ ಬೇರೆ, ಹೆಣ್ಣುಮರವೇ ಬೇರೆ. ಗಂಡು ಬರೀ ಹೂ ಬಿಡುತ್ತದೆ, ಹೆಣ್ಣು ಕಾಯಿ ಬಿಡುತ್ತದೆ. ಲೋಕವೆಲ್ಲ ಹೀಗೇ ಇರಬೇಕು ಎಂದು ತಾಳೆಗೌಡ ನಂಬಿದ್ದ. ಬಾವಿಯ ಕಪ್ಪೆಗೆ ಬಾವಿಯೇ ಲೋಕ ಎನ್ನುತ್ತಾರಲ್ಲ, ಆ ಕಪ್ಪೆ ತಾಳೆಮರದ ತುದಿಗೇ ಹತ್ತಿ ಕೂತಿತ್ತು ಎಂದುಕೋ.

ಒಂದು ದಿನ ಗೌಡ ಅಪ್ಪಣೆ ಮಾಡಿದ. ಇನ್ನು ಮೇಲೆ ಕಾಲುವೆ ಒಂದಲ್ಲ, ಎರಡು. ಮೂಡಲ ಕಾಲುವೆ ಗಂಡುಗಳಿಗೆ, ಪಡುವಲ ಕಾಲುವೆ ಹೆಣ್ಣುಗಳಿಗೆ. ಸಾಲಿನಲ್ಲಿ ನಿಂತವರಿಗೆ ನೀರು, ನಿಲ್ಲದವರಿಗೆ ಇಲ್ಲ.

ಗಿಡಮರಗಳು ಬೇರು ಎತ್ತಿಕೊಂಡು ಓಡಿದವು. ದಾಸವಾಳದ ಒಂದೇ ಹೂವಿನಲ್ಲಿ ಗಂಡೂ ಇತ್ತು, ಹೆಣ್ಣೂ ಇತ್ತು. ಗೌಡನಿಗೆ ಕಂಡದ್ದು ಕೆಂಪು ಬಣ್ಣ ಮಾತ್ರ, ಹೆಣ್ಣುಸಾಲಿಗೆ ತಳ್ಳಿದ. ದಾಸವಾಳ ತುಟಿ ಬಿಚ್ಚಲಿಲ್ಲ. ಕುಂಬಳಬಳ್ಳಿಯಲ್ಲಿ ಎರಡು ಥರದ ಹೂವೂ ಇದ್ದವು. ಅದು ಎಲ್ಲವನ್ನೂ ಎಲೆಯ ಕೆಳಗೆ ಮುಚ್ಚಿಕೊಂಡು, ತಲೆ ಆ ಸಾಲಿಗೆ, ಬಾಲ ಈ ಸಾಲಿಗೆ ಚಾಚಿ, ಎರಡೂ ಕಡೆಯ ನೀರು ಕುಡಿಯಿತು. ನೀರು ಬೇಕಲ್ಲ, ಯಾರು ಬಾಯಿ ಬಿಡುತ್ತಾರೆ?

ಪಪ್ಪಾಯಿ ಮಾತ್ರ ಮುಚ್ಚಿಕೊಳ್ಳಲಿಲ್ಲ. ಮುಚ್ಚಿಕೊಳ್ಳಬೇಕು ಎಂದು ಅದಕ್ಕೆ ಹೊಳೆಯಲೇ ಇಲ್ಲ. ಅದನ್ನು ಸಾಕಿದವಳು ಪಕ್ಕದ ನುಗ್ಗೆಯಜ್ಜಿ. ಆ ವರ್ಷವಷ್ಟೇ ಅದು ಮೊದಲ ಸಲ ಹೂ ಬಿಟ್ಟಿತ್ತು. ಗಂಡುಮರದ ಹಾಗೆ ಉದ್ದುದ್ದ ಜೋತಾಡುವ ಹೂಗೊಂಚಲು. ಗೊಂಚಲಿನ ತುದಿಯಲ್ಲಿ ಹೆಣ್ಣುಮರದ ಹಾಗೆ ಪುಟ್ಟ ಪುಟ್ಟ ಕಾಯಿ. ಅದನ್ನು ನೋಡಿ ಪಪ್ಪಾಯಿಗೆ ಎಷ್ಟು ಸಂತೋಷವಾಗಿತ್ತೆಂದರೆ, ತೋಟದವರನ್ನೆಲ್ಲ ಕರೆದು ತೋರಿಸಿತ್ತು.

ಗಂಡುಸಾಲಿಗೆ ಹೋದರೆ, ಬಸುರಿ ಬಂದಳು ಎಂದು ನಕ್ಕರು. ಹೆಣ್ಣುಸಾಲಿಗೆ ಹೋದರೆ, ಈ ಜೋಲುವ ಹೂ ನಮ್ಮವರದಲ್ಲ ಎಂದು ಸೆರಗು ಎಳೆದುಕೊಂಡರು. ಪಪ್ಪಾಯಿ ಎರಡು ಕಾಲುವೆಗಳ ನಡುವಿನ ದಿಬ್ಬದ ಮೇಲೆ ಬಂದು ನಿಂತಿತು.

ಒಂದನ್ನು ಕಿತ್ತು ಹಾಕು ಎಂದ ತಾಳೆಗೌಡ. ಕಾಯಿ ಕಿತ್ತರೆ ಮೂಡಲ ನೀರು, ಹೂ ಕಿತ್ತರೆ ಪಡುವಲ ನೀರು. ತಾನೇನೋ ದೊಡ್ಡ ದಾನ ಮಾಡಿದವನಂತೆ, ಯಾವುದು ಎಂದು ನೀನೇ ಆರಿಸಿಕೋ ಎಂದೂ ಹೇಳಿದ.

"ಹೂವೂ ನಂದೇ, ಕಾಯೂ ನಂದೇ ಗೌಡ್ರೆ," ಎಂದಿತು ಪಪ್ಪಾಯಿ. "ಎರಡೂ ನಂದೇ."

ಪಪ್ಪಾಯಿಗೆ ನೀರು ನಿಂತಿತು. ಮೂಡಲಲ್ಲಿ ನೀರು ಹರಿಯಿತು, ಪಡುವಲಲ್ಲಿ ನೀರು ಹರಿಯಿತು, ದಿಬ್ಬದ ಮಣ್ಣು ಬಿರುಕು ಬಿಟ್ಟಿತು. ಪಪ್ಪಾಯಿಯ ಎಲೆಗಳು ಮುರಿದ ಛತ್ರಿಯ ಹಾಗೆ ಜೋತುಬಿದ್ದವು. ಕುಂಬಳಬಳ್ಳಿ ಅತ್ತ ತಿರುಗಿಕೊಂಡಿತು. ದಾಸವಾಳ ನೆಲ ನೋಡಿತು.

ನುಗ್ಗೆಯಜ್ಜಿಗೆ ತಡೆಯಲಾಗಲಿಲ್ಲ. ಸಾಲು ಬಿಟ್ಟು ದಿಬ್ಬದ ಹತ್ತಿರ ಬಂದಳು. "ಕೂಸೆ, ಆ ಕಾಯಿ ಕಿತ್ತಾಕ್ಬುಡು. ನೀರು ಕುಡ್ದು ಬದುಕ್ಕೊ. ಒಳಗೆ ನೀನು ಏನಾದ್ರೂ ಆಗಿರು, ಯಾರು ನೋಡ್ತಾರೆ?"

ಆಗ ಪಪ್ಪಾಯಿಗೆ ಬಂದ ಸಿಟ್ಟು ಅಂತಿಂಥದ್ದಲ್ಲ. ಗೌಡನ ಮಾತಿಗೂ ಅಷ್ಟು ಬಂದಿರಲಿಲ್ಲ. ಗೌಡ ಹೇಗೂ ಗೌಡ. ಆದರೆ ಅಜ್ಜಿ?

"ನಾನು ಬಾಡೋದು ನೋಡಕ್ಕಾಗ್ದೆ ಹೇಳ್ತಿದೀಯ, ಗೊತ್ತು ಅಜ್ಜಿ," ಎಂದಿತು. "ಆದ್ರೆ ಕೊಡಲಿ ಅವರ ಕೈಲದೆ. ಅದನ್ನ ತಂದು ನನ್ನ ಕೈಗೆ ಯಾಕೆ ಕೊಡ್ತೀಯ?"

ಅಜ್ಜಿಯ ಮುಖ ಸಣ್ಣದಾಯಿತು. ತನ್ನ ಒಂದು ಬೇರನ್ನು ದಿಬ್ಬದ ಕೆಳಗೆ ತೂರಿಸಿದಳು. ಅಂದಿನಿಂದ ತನ್ನ ಪಾಲಿನ ನೀರಿನಲ್ಲಿ ಅರ್ಧ ಕೂಸಿಗೆ ಕೊಟ್ಟಳು.

ಬಾಡಿ ಸಾಯಬೇಕಾದ್ದು ಸಾಯದಿದ್ದುದನ್ನು ಕಂಡು ಗೌಡ ಉರಿದುಬಿದ್ದ. ತಲೆ ಇದ್ದರೆ ತಾನೇ ತಕರಾರು, ತಲೆಯನ್ನೇ ಕಡಿ ಎಂದು ಕೊಕ್ಕರೆಗೆ ಹೇಳಿದ. ಕೊಕ್ಕರೆಗೆ ಮನಸ್ಸಿರಲಿಲ್ಲ. ಮನಸ್ಸಿಲ್ಲದೆ ಮಾಡಿದರೂ ಕಡಿದದ್ದು ಕಡಿದದ್ದೇ. ನಡುಹಗಲಲ್ಲಿ, ಎಲ್ಲರೂ ನೋಡುತ್ತಿರುವಾಗ, ಪಪ್ಪಾಯಿಯ ತಲೆ ಹೂವು ಕಾಯಿ ಸಮೇತ ನೆಲಕ್ಕೆ ಬಿತ್ತು.

ಕಡಿದ ಜಾಗದಿಂದ ಬೆಳ್ಳಗೆ ಹಾಲು ಸುರಿಯಿತು. ಅಯ್ಯೋ, ಅಳುತ್ತಿದೆ ಎಂದುಕೊಂಡ ಕೊಕ್ಕರೆ ಕೊಕ್ಕಿನಿಂದ ಒರೆಸಲು ಹೋಯಿತು. ಕೊಕ್ಕು ಚುರ್ರೆಂದಿತು. ಅದು ಅಳು ಅಲ್ಲ, ಸಿಟ್ಟು.

ಆ ಸಿಟ್ಟಿಗೆ ಮೊಂಡುಕಾಂಡದ ತುಂಬ ಚಿಗುರು ಒಡೆಯಿತು. ಒಂದು ತಲೆ ಇದ್ದಲ್ಲಿ ಮೂರು ತಲೆ ಬಂದವು. ಒಂದರಲ್ಲಿ ಬರೀ ಹೂ, ಒಂದರಲ್ಲಿ ಬರೀ ಕಾಯಿ, ಒಂದರಲ್ಲಿ ಎರಡೂ. ಕಾಯಿಗಳು ದಪ್ಪಗಾಗಿ ಹಣ್ಣಾದವು. ಅಂಥ ಹಣ್ಣನ್ನು ತೋಟ ಕಂಡೇ ಇರಲಿಲ್ಲ. ಹಕ್ಕಿಗಳು ಬಂದು ಮುತ್ತಿದವು.

ಹಣ್ಣು ಒಡೆದಾಗ ಬೀಜ ಕಂಡವು. ಆಗಿನ ಪಪ್ಪಾಯಿ ಬೀಜ ಈಗಿನ ಹಾಗಿರಲಿಲ್ಲ. ಗಂಡಾಗುವ ಬೀಜ ಬೆಳ್ಳಗೆ, ಹೆಣ್ಣಾಗುವ ಬೀಜ ಕಂದು. ಆ ಬಿಳಿಗೂ ಈ ಕಂದಿಗೂ ನಡುವೆ ಎಷ್ಟೆಷ್ಟೋ ಬಣ್ಣ. ಕೆನೆ, ಹಾಲು ಬೆರೆತ ಅರಿಸಿನ, ಗೋಧಿ, ಬೆಲ್ಲ, ಮಣ್ಣು. ಯಾವ ಬೀಜವೂ ಪಕ್ಕದ ಬೀಜದ ಹಾಗೆ ಇರಲಿಲ್ಲ.

ತಾಳೆಗೌಡ ಈಗ ಬೆಣ್ಣೆಯಂಥ ಮಾತು ತೆಗೆದ. ಆದದ್ದಾಯಿತು ಎಂದ. ನೀನು ಹೇಗಾದರೂ ಇರು, ಎರಡೂ ಕಾಲುವೆಯ ನೀರು ನಿನಗೇ ಬಿಡಿಸುತ್ತೇನೆ ಎಂದ. ಬೀಜ ಮಾತ್ರ ನನ್ನ ಕೈಗೆ ಕೊಡು. ಬಿಳಿಯವನ್ನು ಮೂಡಲಲ್ಲಿ ಬಿತ್ತುತ್ತೇನೆ, ಕಂದಿನವನ್ನು ಪಡುವಲಲ್ಲಿ. ನಡುವಿನವನ್ನು ಒಲೆಗೆ ಹಾಕುತ್ತೇನೆ.

ಪಪ್ಪಾಯಿಗೆ ಬಾಯಾರಿತ್ತು. ಎರಡು ಕಾಲುವೆಯ ನೀರಿನ ಸದ್ದು ಕಿವಿಗೆ ಬೀಳುತ್ತಲೇ ಇತ್ತು. ಅದು ತನ್ನ ಬೀಜಗಳನ್ನು ನೋಡಿತು. ಕೆನೆಬಣ್ಣದ್ದು, ಗೋಧಿಬಣ್ಣದ್ದು, ಬೆಲ್ಲದ ಬಣ್ಣದ್ದು. ಇನ್ನೂ ಕಣ್ಣು ಬಿಡದ ಕೂಸುಗಳು, ಆಗಲೇ ಒಲೆ ಸಿದ್ಧವಾಗಿತ್ತು.

"ನನ್ನ ಮಕ್ಕಳು ಯಾರು ಅಂತ ಅವೇ ಹೇಳ್ತವೆ, ಹೂ ಬಿಟ್ಟ ಮೇಲೆ," ಎಂದಿತು ಪಪ್ಪಾಯಿ. "ಅಲ್ಲೀಗಂಟ ಹೆತ್ತ ನಾನೇ ಕೇಳಲ್ಲ. ನೀವ್ಯಾರು ಕೇಳಕ್ಕೆ?"

ಹಾಗೆಂದು ತನ್ನ ಸಿಟ್ಟನ್ನೆಲ್ಲ ಒಳಕ್ಕೆ ಎಳೆದುಕೊಂಡು ಹಣ್ಣಿನ ಹೊಟ್ಟೆಗೆ ಇಳಿಸಿತು. ಬಿಳಿ, ಕೆನೆ, ಗೋಧಿ, ಬೆಲ್ಲ, ಕಂದು, ಎಲ್ಲ ಬೀಜಗಳೂ ಕಾವಿಗೆ ಕಪ್ಪಾದವು. ಒಂದೊಂದರ ಮೇಲೂ ಜಾರುವ ಲೋಳೆಯ ಅಂಗಿ ಬಂತು.

ಗೌಡ ಒಂದನ್ನು ಹಿಡಿದ, ಜಾರಿತು. ಇನ್ನೊಂದನ್ನು ಕಚ್ಚಿದ, ಬಾಯಿ ಉರಿಯಿತು. ನೀನು ಗಂಡೋ, ಹೆಣ್ಣೋ ಎಂದು ಗದರಿಸಿದ. ಬೀಜ ಬಾಯಿ ಬಿಡಲಿಲ್ಲ. ಗೌಡ ಕೂಗಿ ಕೂಗಿ ಗಂಟಲು ಹರಿದುಕೊಳ್ಳುವಷ್ಟರಲ್ಲಿ ಹಕ್ಕಿಗಳು ಹಣ್ಣು ತಿಂದು, ಬೀಜವನ್ನು ಮೂಡಲಲ್ಲೂ ಉದುರಿಸಿದವು, ಪಡುವಲಲ್ಲೂ ಉದುರಿಸಿದವು, ನಡುವಿನ ದಿಬ್ಬದ ತುಂಬವೂ ಉದುರಿಸಿದವು.

ಎಲ್ಲ ಕಡೆ ಸಸಿ ಎದ್ದವು. ಎಲ್ಲವೂ ಒಂದೇ ಥರ. ಯಾವುದಕ್ಕೆ ಯಾವ ನೀರು ಎಂದು ಕೊಕ್ಕರೆ ಕೇಳಿತು. ಗೌಡ ಒಂದೊಂದು ಸಸಿಯನ್ನೂ ಬಗ್ಗಿ ಬಗ್ಗಿ ನೋಡಿದ, ಗುರುತು ಹತ್ತಲಿಲ್ಲ. ಹಣ್ಣಿನ ರುಚಿ ಕಂಡ ತೋಟ ಸಸಿಗಳನ್ನು ಒಣಗಲು ಬಿಡುವಂತಿರಲಿಲ್ಲ. ಕೊಕ್ಕರೆ ನಡುವಿನ ದಿಬ್ಬವನ್ನು ಒಡೆದು, ಎರಡು ಕಾಲುವೆಯನ್ನೂ ಒಂದು ಮಾಡಿ, ಯಾರನ್ನೂ ಏನೂ ಕೇಳದೆ ನೀರು ಬಿಟ್ಟಿತು.

ಅದಕ್ಕೇ ಕಣೋ ಪುಟ್ಟ, ಇವತ್ತಿಗೂ ಹಿತ್ತಲಲ್ಲಿ ಪಪ್ಪಾಯಿ ಬೀಜ ಹಾಕಿ, ಇದು ಗಂಡೋ ಹೆಣ್ಣೋ ಎಂದು ಎಷ್ಟು ಬಗ್ಗಿ ನೋಡಿದರೂ ಸಸಿ ಹೇಳುವುದಿಲ್ಲ, ಹೂ ಬಿಡುವವರೆಗೂ ನಾವು ಸುಮ್ಮನೆ ನೀರು ಹಾಕಬೇಕು.