ಕೂಸು ಅಳದ ಕೇರಿ

“ಗುರುಗಳೇ, ಒಬ್ಬರೂ ದೂರು ಹೇಳದ ಆಳ್ವಿಕೆ ಒಳ್ಳೆಯ ಆಳ್ವಿಕೆಯಲ್ಲವೇ?”

ಕೇಳಿದವನು ಮಠದ ಶಿಷ್ಯ ಮರುಳಯ್ಯ. ಅವನ ಕೈಯಲ್ಲಿ ಒಂದು ಓಲೆ ಇತ್ತು. ಆ ಪ್ರಾಂತ್ಯದ ಅಧಿಪತಿ ಆಳಲು ಬಂದು ಹತ್ತು ವರ್ಷ ತುಂಬುತ್ತಿತ್ತು. ಅವನ ಆಳ್ವಿಕೆಯಲ್ಲಿ ಎಲ್ಲರೂ ಸುಖವಾಗಿದ್ದಾರೆ ಎಂದು ಬರೆದ ಆ ಓಲೆಗೆ ಊರಿನ ದೊಡ್ಡವರೆಲ್ಲ ಒಪ್ಪ ಹಾಕಿದ್ದರು. ಗುರುಗಳದ್ದೊಂದು ಉಳಿದಿತ್ತು. ಮೂರು ದಿನವಾದರೂ ಗುರುಗಳು ಅದನ್ನು ಮುಟ್ಟಿರಲಿಲ್ಲ.

“ಇರಬಹುದು,” ಎಂದರು ಗುರುಗಳು. “ಕುಳಿತುಕೋ. ಹಿಂದೆ ಒಂದು ಊರಿನಲ್ಲಿ ನಡೆದದ್ದನ್ನು ಹೇಳುತ್ತೇನೆ.”

ಒಂದು ದೊಡ್ಡ ರಾಜ್ಯದ ಗಡಿಯಲ್ಲಿ ಒಂದು ಪ್ರಾಂತ್ಯವಿತ್ತು. ಚಕ್ರವರ್ತಿ ದೂರದಲ್ಲಿದ್ದ. ಪ್ರಾಂತ್ಯವನ್ನು ಆಳಲು ಅವನು ಒಬ್ಬ ಅಧಿಪತಿಯನ್ನು ಕಳುಹಿಸಿದ. ವರ್ಷಕ್ಕೊಮ್ಮೆ ರಾಜಧಾನಿಯಿಂದ ಒಬ್ಬ ವಿಚಾರಣಾಧಿಕಾರಿ ಬಂದು, ಜನರಿಗೆ ದೂರುಗಳಿವೆಯೇ ಎಂದು ಕೇಳಿಕೊಂಡು ಹೋಗುತ್ತಿದ್ದ.

ಅಧಿಪತಿ ಮೆಲುಮಾತಿನವನು. ಯಾರನ್ನೂ ಹೊಡೆಸಲಿಲ್ಲ, ಯಾರನ್ನೂ ಸೆರೆಗೆ ಹಾಕಲಿಲ್ಲ. ಆದರೆ ಅಳುವಿನ ಸದ್ದು ಅವನಿಗೆ ಆಗುತ್ತಿರಲಿಲ್ಲ. ಮೊದಲ ವರ್ಷ ವಿಚಾರಣಾಧಿಕಾರಿ ಬಂದಾಗ ಜನ ಬೆಳಗಿನಿಂದ ಸಂಜೆಯವರೆಗೆ ಸಾಲುಗಟ್ಟಿ ನಿಂತು ದೂರು ಹೇಳಿದರು. ಅಧಿಪತಿಗೆ ಅವಮಾನವಾಯಿತು. ಮಾರನೆಯ ದಿನ ಅವನು ಒಂದು ಕಟ್ಟಳೆ ಮಾಡಿದ. ಇನ್ನು ಮುಂದೆ ದೂರನ್ನು ಆಯಾ ಕೇರಿಯ ಯಜಮಾನನೇ ತರಬೇಕು. ಯಾವ ಕೇರಿಯಿಂದ ದೂರು ಬರುತ್ತದೆಯೋ ಆ ಕೇರಿಯ ಯಜಮಾನ ತನ್ನ ಕೆಲಸಕ್ಕೆ ತಕ್ಕವನಲ್ಲ. ಅವನನ್ನು ತೆಗೆದು ಬೇರೊಬ್ಬನನ್ನು ಇಡಲಾಗುವುದು.

ಎರಡನೆಯ ವರ್ಷ ಮೂರು ದೂರುಗಳು ಬಂದವು. ಮೂರನೆಯ ವರ್ಷ ಒಂದೂ ಬರಲಿಲ್ಲ.

ಮೇಲಿನ ಕೇರಿಯವರಿಗೆ ಅಧಿಪತಿ ಮೆಚ್ಚುಗೆಯಾದ. ಅವರ ಬೀದಿಗಳು ಚೊಕ್ಕಟವಾದವು. ಊರ ನಡುವಿನ ಧರ್ಮದ ಔಷಧಶಾಲೆಯಲ್ಲಿ ಸದಾ ನರಳಾಟ ಕೇಳಿಸುತ್ತಿತ್ತು. ಅಧಿಪತಿ ಅದನ್ನು ಮುಚ್ಚಿಸಿ ಸಂಗೀತಶಾಲೆ ಮಾಡಿದ. ಕೆಲವು ವರ್ಷಗಳ ಮೇಲೆ ತನ್ನ ಮನೆಯ ಮುಂದೆ ಒಂದು ತಾವರೆಯ ಕೊಳ ತೋಡಿಸಿದ. ಕೊಳಕ್ಕೆ ನೀರು ಬೇಕಲ್ಲ. ಕೆಳಗಿನ ಕೇರಿಗೆ ಹರಿಯುತ್ತಿದ್ದ ಕಾಲುವೆಯನ್ನು ಅದಕ್ಕೆ ತಿರುಗಿಸಿದ.

ಕೆಳಗಿನ ಕೇರಿಯಲ್ಲಿ ನೇಯುವವರು, ಬಟ್ಟೆ ಒಗೆಯುವವರು, ಚಾಪೆ ಹೆಣೆಯುವವರು ಇದ್ದರು. ಅವರಿಗೆ ಉಳಿದದ್ದು ಕೇರಿಯ ಹಿಂದಿನ ಒಂದು ಹೊಂಡ. ಅದರ ನೀರನ್ನೇ ಸೋಸಿ ಕುಡಿದರು. ಬೇಸಿಗೆ ಕಾಲಿಟ್ಟಾಗ ಜ್ವರ ಬಂತು.

ಆ ಕೇರಿಯಲ್ಲಿ ಸಂಕವ್ವ ಎಂಬ ಸೂಲಗಿತ್ತಿ ಇದ್ದಳು. ಎರಡೂ ಕೇರಿಗಳಲ್ಲಿ ಅವಳ ಕೈಗೆ ಬೀಳದೆ ಹುಟ್ಟಿದವರು ಕಡಿಮೆ. ಒಂದು ಮುಂಜಾನೆ ಅವಳು ನೇಕಾರರ ಮನೆಯಲ್ಲಿ ಹೆರಿಗೆ ಮಾಡಿಸಿದಳು. ತಾಯಿಯ ಮೈ ಕೆಂಡದಂತೆ ಸುಡುತ್ತಿತ್ತು. ಕೂಸು ಹೊರಗೆ ಬಂತು; ಅಳಲಿಲ್ಲ. ಸಂಕವ್ವ ಅದರ ಬೆನ್ನು ತಟ್ಟಿದಳು, ಅಂಗಾಲು ಉಜ್ಜಿದಳು, ಬಾಯಿಗೆ ಬಾಯಿಟ್ಟು ಊದಿದಳು. ಕೂಸು ಕಣ್ಣು ತೆರೆದು ಅವಳನ್ನು ನೋಡಿತು. ಹಾಗೆಯೇ ನೋಡುತ್ತಾ ತಣ್ಣಗಾಯಿತು.

ಆ ವಾರ ಇನ್ನೆರಡು ಕೂಸುಗಳು ಹುಟ್ಟಿದವು. ಅವೂ ಅಳಲಿಲ್ಲ.

ಸಂಕವ್ವ ಕೇರಿಯ ಯಜಮಾನನ ಬಳಿ ಹೋದಳು. ಅವನು ಬಾಗಿಲನ್ನು ಅರ್ಧ ತೆರೆದು ಹೇಳಿದ: “ನಾನು ಹೋಗಿ ಹೇಳಿದರೆ ನನ್ನನ್ನು ತೆಗೆದು ಇನ್ನೊಬ್ಬನನ್ನು ಇಡುತ್ತಾರೆ. ಅವನು ಹೇಳುವುದಿಲ್ಲ. ಮತ್ತೆ ನಾನು ಹೇಳಿ ಏನು ಬಂತು?”

ಅವಳು ಮೇಲಿನ ಕೇರಿಗೆ ಹೋದಳು. ತಾನು ಹೆರಿಗೆ ಮಾಡಿಸಿದ ಮನೆಗಳ ಮುಂದೆ ನಿಂತಳು. ಎಲ್ಲರೂ ಅಯ್ಯೋ ಎಂದರು. ಕೆಲವರು ಹಳೆಯ ಬಟ್ಟೆ ಕೊಟ್ಟರು. ಒಬ್ಬ ವರ್ತಕನ ಹೆಂಡತಿ ಮಾತ್ರ ಒಂದು ಕೊಡ ಒಳ್ಳೆಯ ನೀರು ತುಂಬಿಸಿ ಕೊಟ್ಟಳು. “ನಾನು ಕೊಟ್ಟೆ ಅಂತ ಎಲ್ಲೂ ಹೇಳಬೇಡ,” ಎಂದಳು.

ಕೊನೆಗೆ ಸಂಕವ್ವ ಅಧಿಪತಿಯ ಮನೆಗೇ ಹೋದಳು. ಅವನು ಕೊಳದ ಮೆಟ್ಟಿಲ ಮೇಲೆ ತನ್ನವರೊಡನೆ ಕುಳಿತಿದ್ದ. ಅವಳನ್ನು ತಡೆಯಬೇಡಿ ಎಂದ.

“ಏನು ತಾಯಿ, ಹೇಳು.”

“ನಮ್ಮ ಕೇರಿಯಲ್ಲಿ ಮೂರು ಕೂಸು ಹುಟ್ಟಿದವು, ಬುದ್ಧಿ. ಒಂದೂ ಅಳಲಿಲ್ಲ.”

ಅಧಿಪತಿಯ ಮುಖ ಅರಳಿತು. ಅವನು ತನ್ನವರ ಕಡೆಗೆ ತಿರುಗಿ, “ಕೇಳಿದಿರಾ? ನಮ್ಮ ನಾಡಿನಲ್ಲಿ ಈಗ ಹುಟ್ಟುವ ಕೂಸು ಕೂಡ ಅಳುವುದಿಲ್ಲ!” ಎಂದ. ಹಾಸ್ಯಕ್ಕೆ ಹೇಳಿದ್ದಲ್ಲ. ಅವನ ಕಣ್ಣಲ್ಲಿ ನೀರಾಡಿತ್ತು. ಅವನಿಗೆ ಕೇಳಿಸಿದ್ದು ಅಷ್ಟೇ.

ಸಂಕವ್ವ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಯಾರೋ ಅವಳಿಗೆ ಒಂದು ರೇಷ್ಮೆಯ ಶಾಲು ಹೊದಿಸಿದರು. ಬಾಗಿಲವರೆಗೆ ಕೈಹಿಡಿದು ಕಳುಹಿಸಿಕೊಟ್ಟರು.

ಮಾರನೆಯ ದಿನ ಡಂಗುರದವನಿಗೆ ಅಪ್ಪಣೆಯಾಯಿತು. ಅವನು ಸಂಕವ್ವನ ಒಡಹುಟ್ಟಿದ ತಮ್ಮ. ಅಧಿಪತಿಯ ಚಾಕರಿಗೆ ಸೇರಿ ಮೇಲಿನ ಕೇರಿಯಲ್ಲಿ ಮನೆ ಮಾಡಿದ್ದ. ಅವನು ಬೀದಿ ಬೀದಿಯಲ್ಲಿ ತಮಟೆ ಬಡಿದು ಸಾರಿದ: “ಕೇಳಿರಯ್ಯಾ ಕೇಳಿ! ನಮ್ಮ ಅಧಿಪತಿಗಳ ಆಳ್ವಿಕೆಯಲ್ಲಿ ಹುಟ್ಟುವ ಕೂಸೂ ಅಳುವುದಿಲ್ಲ!”

ಮೇಲಿನ ಕೇರಿಯಲ್ಲಿ ಜನ ಕೈಮುಗಿದರು. ಅಂದಿನಿಂದ ಅಲ್ಲಿ ಒಂದು ಹೊಸ ರೂಢಿ ಬಂತು. ಮನೆಯಲ್ಲಿ ಕೂಸು ಅತ್ತರೆ ತಾಯಂದಿರಿಗೆ ನಾಚಿಕೆಯಾಗತೊಡಗಿತು. ಕಿಟಕಿ ಮುಚ್ಚಿದರು. ಸೆರಗನ್ನು ಕೂಸಿನ ಬಾಯಿಗೆ ಒತ್ತಿದರು. ತೊಟ್ಟಿಲಿಗೆ ದಪ್ಪ ಕಂಬಳಿ ಹೊದಿಸಿದರು. ಕೆಲವು ದಿನಗಳಲ್ಲಿ ಕೂಸುಗಳೂ ಕಲಿತವು. ಹಸಿದಾಗ ಬಾಯಿ ತೆರೆಯುತ್ತಿದ್ದವು, ಮುಖ ಕೆಂಪಾಗುತ್ತಿತ್ತು, ಸದ್ದು ಬರುತ್ತಿರಲಿಲ್ಲ.

ಡಂಗುರದವನು ಕೆಳಗಿನ ಕೇರಿಗೆ ಬಂದಾಗ ನಡುಮಧ್ಯಾಹ್ನ. ಕೇರಿಯ ತುದಿಯಲ್ಲಿ ಅಕ್ಕ ನಿಂತಿದ್ದಳು. ಅವನು ತಲೆ ತಗ್ಗಿಸಿದ.

“ಅಕ್ಕಾ, ಹೊಟ್ಟೆಪಾಡು. ಸಾರದೆ ಇದ್ದರೆ ನಡೆಯುವುದಿಲ್ಲ.”

“ಬೇಡ ಅನ್ನಲಿಲ್ಲ ತಮ್ಮಾ,” ಎಂದಳು ಸಂಕವ್ವ. “ಒಂದೊಂದು ಬಾಗಿಲ ಮುಂದೆಯೂ ನಿಂತು ಸಾರು. ಯಾರಾದರೂ ಹೊರಗೆ ಬಂದು ಸಾಕು ಅಂದರೆ ನಿಲ್ಲಿಸು.”

ಅವನು ಮೊದಲ ಬಾಗಿಲ ಮುಂದೆ ಸಾರಿದ. ಯಾರೂ ಬರಲಿಲ್ಲ. ಎರಡನೆಯದರ ಮುಂದೆ ಸಾರಿದ. ಒಳಗೆ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಕಾಣುತ್ತಿತ್ತು. ಹತ್ತನೆಯ ಬಾಗಿಲಿಗೂ ಯಾರೂ ಬರಲಿಲ್ಲ. ಒಂದು ನಾಯಿಯೂ ಬೊಗಳಲಿಲ್ಲ. ಎಲ್ಲಿಯೂ ಹೊಗೆ ಏಳುತ್ತಿರಲಿಲ್ಲ. ತಮಟೆ ನಿಲ್ಲಿಸಬೇಕೆನಿಸಿತು, ನಿಲ್ಲಿಸಿದರೆ ಆ ಮೌನ ಕೇಳಿಸುತ್ತದೆಂದು ಹೆದರಿ ಬಡಿಯುತ್ತಲೇ ನಡೆದ. ಕೇರಿ ಮುಗಿದು ಬಯಲು ಬಂದ ಮೇಲೂ ಬಡಿಯುತ್ತಿದ್ದ.

ಅಂದಿನಿಂದ ಅವನು ಮೇಲಿನ ಕೇರಿಯಲ್ಲಿ ಮಲಗಲಿಲ್ಲ. ಅಕ್ಕನ ಮನೆಗೆ ಬಂದ. ಜ್ವರದಲ್ಲಿದ್ದವರಿಗೆ ಇಬ್ಬರೂ ಗಂಜಿ ಕಾಯಿಸಿ ಕೊಟ್ಟರು. ಸತ್ತವರಿಗೆ ಇಬ್ಬರೇ ಗುಂಡಿ ತೋಡಿದರು. ಸಂಕವ್ವ ಕುದುರೆಗಾಡಿ ಬರುವ ದಾರಿಯನ್ನು ದಿನಾ ನೋಡುತ್ತಿದ್ದಳು. ವಿಚಾರಣಾಧಿಕಾರಿ ಬರುವ ತಿಂಗಳು ಹತ್ತಿರವಾಗಿತ್ತು.

ಅದು ಅಧಿಪತಿಗೂ ಗೊತ್ತಿತ್ತು. ಒಂದು ದಿನ ಮೇಲಿನಿಂದ ಆಳುಗಳು ಬಂದರು. ಕೆಳಗಿನ ಕೇರಿಯ ಗೋಡೆಗಳಿಗೆ ಸುಣ್ಣ ಬಳಿದರು. ಬಾಗಿಲುಗಳನ್ನು ಎಳೆದು ಮುಚ್ಚಿದರು. ಪ್ರತಿ ಹೊಸಿಲ ಮುಂದೆಯೂ ರಂಗವಲ್ಲಿ ಹಾಕಿದರು. ಒಬ್ಬರೂ ಒಳಗೆ ಇಣುಕಲಿಲ್ಲ. ಬೇಗ ಬೇಗ ಮುಗಿಸಿ ಹೊರಟುಹೋದರು.

ವಿಚಾರಣಾಧಿಕಾರಿ ಬಂದ. ಅಧಿಪತಿ ಅವನಿಗೆ ಕೊಳ ತೋರಿಸಿದ, ಸಂಗೀತಶಾಲೆ ತೋರಿಸಿದ. ಮೇಲಿನ ಕೇರಿಯ ದೊಡ್ಡವರೆಲ್ಲ ಸಂಸಾರ ಸಮೇತ ಹಿಂದೆ ಬಂದರು. ತಾಯಂದಿರು ಕೂಸುಗಳನ್ನು ಎತ್ತಿಕೊಂಡಿದ್ದರು. ಮೆರವಣಿಗೆ ಕೆಳಗಿನ ಕೇರಿಯ ಬಾಯಿಗೆ ಬಂದು ನಿಂತಿತು. ಬಿಳಿಯ ಗೋಡೆಗಳು, ಅಚ್ಚುಕಟ್ಟಾದ ರಂಗವಲ್ಲಿ, ಮುಚ್ಚಿದ ಬಾಗಿಲುಗಳು.

“ಎಂಥ ನೆಮ್ಮದಿ!” ಎಂದ ವಿಚಾರಣಾಧಿಕಾರಿ. “ಇಲ್ಲಿ ದೂರುಗಳಿಲ್ಲವೇ?”

“ಏಳು ವರ್ಷದಿಂದ ಒಂದೂ ಇಲ್ಲ,” ಎಂದ ಅಧಿಪತಿ.

ಆಗ ಒಂದು ಮನೆಯೊಳಗಿನಿಂದ ಸದ್ದು ಬಂತು. ಆಗ ತಾನೇ ಹುಟ್ಟಿದ ಕೂಸಿನ ಅಳು.

ಯಾರೂ ಕದಲಲಿಲ್ಲ. ಆ ಸದ್ದು ಕೇಳಿ ಎಷ್ಟು ಕಾಲವಾಗಿತ್ತೆಂದರೆ, ಮೊದಲಿಗೆ ಅದೇನೆಂದೇ ಹಲವರಿಗೆ ತಿಳಿಯಲಿಲ್ಲ. ಅಳು ನಿಲ್ಲಲಿಲ್ಲ, ಏರುತ್ತಾ ಹೋಯಿತು. ವಿಚಾರಣಾಧಿಕಾರಿ ಮುಂದೆ ನಡೆದು ಆ ಬಾಗಿಲನ್ನು ತಳ್ಳಿದ.

ಒಳಗೆ ಒಂದು ಖಾಲಿ ತೊಟ್ಟಿಲಿತ್ತು. ಅದರ ಪಕ್ಕದಲ್ಲಿ ನೆಲದ ಮೇಲೆ ಸಂಕವ್ವ ಕುಳಿತಿದ್ದಳು. ಜ್ವರ ಅವಳನ್ನೂ ಹಿಡಿದಿತ್ತು. ಕಣ್ಣು ಮುಚ್ಚಿದ್ದಳು, ಮುಷ್ಟಿ ಬಿಗಿದಿದ್ದಳು. ಅಳು ಬರುತ್ತಿದ್ದದ್ದು ಆ ಮುದುಕಿಯ ಬಾಯಿಂದ. ಅವಳ ಹಿಂದೆ ತಮ್ಮ ಗೋಡೆಗೆ ಒರಗಿ ನಿಂತಿದ್ದ.

“ಮುದುಕಿಗೆ ಬುದ್ಧಿ ಕೆಟ್ಟಿದೆ,” ಎಂದ ಅಧಿಪತಿ. “ನಡೆಯಿರಿ, ಹೋಗೋಣ.”

ಆದರೆ ಹೊರಗೆ ಮೇಲಿನ ಕೇರಿಯ ಒಂದು ಕೂಸು ಆ ಅಳುವನ್ನು ಕೇಳಿ ತಾನೂ ಅತ್ತಿತು. ತಾಯಿ ಸೆರಗು ಒತ್ತಿದಳು. ಕೂಸು ತಲೆ ಕೊಡವಿತು. ಅದನ್ನು ಕೇಳಿ ಇನ್ನೊಂದು ಅತ್ತಿತು. ಒಂದರಿಂದ ಒಂದಕ್ಕೆ ಹಬ್ಬಿತು. ಮೇಲೆ ಊರಿನಲ್ಲಿ, ಮುಚ್ಚಿದ ಕಿಟಕಿಗಳ ಹಿಂದೆ, ಮನೆಯಲ್ಲಿ ಬಿಟ್ಟುಬಂದ ಕೂಸುಗಳು ಅಳತೊಡಗಿದವು. ಇಡೀ ಊರು ಅಳುತ್ತಿತ್ತು. ದೊಡ್ಡವರು ಕಿವಿ ಮುಚ್ಚಿಕೊಂಡರು. ಅಧಿಪತಿ ಏನನ್ನೋ ಕೂಗಿ ಹೇಳುತ್ತಿದ್ದ. ಅವನ ತುಟಿಯ ಅಲುಗಾಟ ಮಾತ್ರ ಕಂಡಿತು.

ವಿಚಾರಣಾಧಿಕಾರಿ ಪಕ್ಕದ ಬಾಗಿಲನ್ನು ತೆರೆದ. ಅದರ ಪಕ್ಕದ್ದನ್ನು ತೆರೆದ. ಕೇರಿಯ ಕೊನೆಯವರೆಗೂ ಒಂದೊಂದನ್ನೇ ತೆರೆದು ನೋಡಿ ಹಿಂದಿರುಗಿದ. ಹೆಚ್ಚಿನ ಮನೆಗಳು ಖಾಲಿಯಾಗಿದ್ದವು. ಅಳು ಸ್ವಲ್ಪ ತಗ್ಗಿದ ಮೇಲೆ ಅವನು ಮೇಲಿನ ಕೇರಿಯವರ ಮುಂದೆ ನಿಂತು ಕೇಳಿದ: “ನಿಮಗೆ ಯಾರಿಗೂ ಇದು ಗೊತ್ತಿರಲಿಲ್ಲವೇ?”

ಎಲ್ಲರೂ ನೆಲ ನೋಡಿದರು. ವರ್ತಕನ ಹೆಂಡತಿ ಕೂಸನ್ನು ಭುಜಕ್ಕೆ ಹಾಕಿಕೊಂಡು ಮುಂದೆ ಬಂದಳು.

“ಗೊತ್ತಿತ್ತು,” ಎಂದಳು. “ನಮಗೆಲ್ಲರಿಗೂ ಗೊತ್ತಿತ್ತು.”

ಆ ಸಂಜೆಯೇ ಕಾಲುವೆಯ ಕಟ್ಟೆ ಒಡೆದರು. ಕೆಳಗಿನ ಕೇರಿಗೆ ನೀರು ಹರಿಯಿತು. ಸಂಕವ್ವ ತಮ್ಮನ ಬೊಗಸೆಯಿಂದ ಒಂದು ಗುಟುಕು ಕುಡಿದಳು. ಬೆಳಗಾಗುವ ಹೊತ್ತಿಗೆ ಅವಳಿರಲಿಲ್ಲ. ಅವಳನ್ನು ಹೊರಲು ಮೇಲಿನ ಕೇರಿಯಿಂದ ಬಹಳ ಜನ ಬಂದರು.

ಗುರುಗಳು ಮಾತು ನಿಲ್ಲಿಸಿದರು. ಮರುಳಯ್ಯ ಸಿಟ್ಟಿನಿಂದ ಕೇಳಿದ:

“ಆ ಅಧಿಪತಿಗೆ ಏನು ಶಿಕ್ಷೆಯಾಯಿತು, ಗುರುಗಳೇ?”

ಗುರುಗಳು ಅವನನ್ನು ನೋಡಿದರು.

“ಅಧಿಪತಿ ಏನಾದ ಎಂದು ಕೇಳುತ್ತೀಯೆ ಮರುಳಯ್ಯಾ, ಆ ಕೇರಿಯಲ್ಲಿ ಬದುಕಿ ಉಳಿದವರು ಎಷ್ಟು ಮಂದಿ ಎಂದು ನೀನೂ ಕೇಳಲಿಲ್ಲ.”

ಮರುಳಯ್ಯ ಬಾಯಿ ತೆರೆದ. ಸದ್ದು ಬರಲಿಲ್ಲ.